‘ಮಗಳಂತೆ’ ಎನ್ನುವ ಮಾತು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಬರೆದ ಆತ್ಮಕಥೆಗಳನ್ನು ಸಾಲಾಗಿ ಓದಿದರೆ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಹೈಸ್ಕೂಲಿನ ಕೊನೆಯ ವರ್ಷದ ಒಬ್ಬ ಹುಡುಗಿ. ಅವಳು ಚೆಂಡು ಹಿಡಿದರೆ ಊರೇ ತಿರುಗಿ ನೋಡುತ್ತದೆ. ಅವಳ ಮನೆಗೆ ದೂರದ ವಿಶ್ವವಿದ್ಯಾಲಯದ ಕೋಚ್ ಬರುತ್ತಾರೆ. ಅಪ್ಪ, ಅಮ್ಮ, ಕೆಲವೊಮ್ಮೆ ಅಜ್ಜಿ ನಡುಮನೆಯಲ್ಲಿ ಕಾಯುತ್ತಿರುತ್ತಾರೆ. ಬಂದವರು ಹುಡುಗಿಯ ಆಟವನ್ನು ಹೊಗಳುತ್ತಾರೆ. ತಮ್ಮ ಕಾಲೇಜಿನ ಓದು, ಹಾಸ್ಟೆಲು, ಊಟದ ಬಗ್ಗೆ ಹೇಳುತ್ತಾರೆ. ಕೊನೆಗೆ ತಾಯಿಯ ಕಡೆ ತಿರುಗಿ ಒಂದು ಮಾತು ಕೊಡುತ್ತಾರೆ. ಪದಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ, ತಿರುಳು ಒಂದೇ: ನಿಮ್ಮ ಹುಡುಗಿಯನ್ನು ನನ್ನ ಮಗಳಂತೆ ನೋಡಿಕೊಳ್ಳುತ್ತೇನೆ.

ಕನ್ನಡದ ಓದುಗರಿಗೆ ಈ ದೃಶ್ಯ ಹೊಸದಲ್ಲ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಕಡೆಯವರು ಹೇಳುವ ಮಾತೂ ಇದೇ. ಆ ಮಾತನ್ನು ಕೇಳಿಸಿಕೊಂಡು ಬೆಳೆದವರಿಗೆ ಅದರೊಳಗೆ ಎರಡು ಸಂಗತಿಗಳಿವೆ ಎಂದು ಗೊತ್ತು. ಒಂದು, ಪ್ರೀತಿಯ ಭರವಸೆ. ಇನ್ನೊಂದು, ಇನ್ನು ಮುಂದೆ ಇವಳ ಮೇಲಿನ ಹಕ್ಕು ನಮ್ಮದು ಎಂಬ ಸೂಚನೆ. ಕೋಚ್‌ಗಳ ಆತ್ಮಕಥೆಗಳು ಮೊದಲನೆಯದನ್ನು ಬಹಳ ಚೆನ್ನಾಗಿ ಹೇಳುತ್ತವೆ. ಎರಡನೆಯದನ್ನು ತಿಳಿಯಲು ಆಟಗಾರ್ತಿಯರು ಬರೆದ ಪುಸ್ತಕಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಪ್ರತಿಭೆಯುಳ್ಳ ಹುಡುಗಿಯೊಬ್ಬಳನ್ನು ಹುಡುಕಿ, ಒಲಿಸಿ, ಕರೆತಂದು, ತಿದ್ದಿ ಬೆಳೆಸುವ ಕಥೆಯನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಅದರ ಅರ್ಥ ನಿಂತಿದೆ.

*

ಈ ಲೋಕದ ಕಟ್ಟಳೆಗಳನ್ನು ಸ್ವಲ್ಪ ತಿಳಿದುಕೊಂಡರೆ ಪುಸ್ತಕಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ನಮ್ಮಲ್ಲಿ ಕ್ರೀಡಾಪಟು ಬೆಳೆಯುವುದು ಕ್ರೀಡಾ ಹಾಸ್ಟೆಲಿನಲ್ಲಿ, ಕ್ಲಬ್ಬಿನಲ್ಲಿ. ಮುಂದೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ ಸಿಕ್ಕಿದರೆ ಬದುಕು ನಡೆಯುತ್ತದೆ. ಅಮೆರಿಕದಲ್ಲಿ ಆ ಪಾತ್ರ ವಿಶ್ವವಿದ್ಯಾಲಯಗಳದ್ದು. ಆಟಗಾರ್ತಿಗೆ ಅವು ಸ್ಕಾಲರ್‌ಶಿಪ್ ಕೊಡುತ್ತವೆ, ಅಂದರೆ ಶುಲ್ಕ, ವಸತಿ, ಊಟ, ಪುಸ್ತಕಗಳ ಖರ್ಚು. ಬದಲಿಗೆ ಅವಳು ನಾಲ್ಕು ವರ್ಷ ಆಡುತ್ತಾಳೆ. ಯಾರನ್ನು ಕರೆತರಬೇಕು ಎಂದು ತೀರ್ಮಾನಿಸುವವರು ಕೋಚ್. ಹೈಸ್ಕೂಲಿನ ಪಂದ್ಯಗಳಿಗೆ, ಬೇಸಿಗೆಯ ಟೂರ್ನಿಗಳಿಗೆ ಹೋಗಿ ಕೂರುವುದು, ಪತ್ರ ಬರೆಯುವುದು, ಫೋನ್ ಮಾಡುವುದು, ಮನೆಗೆ ಹೋಗುವುದು ಇವೆಲ್ಲ ಅವರ ಕೆಲಸದ ಭಾಗ. ಎಷ್ಟು ಸಲ, ಯಾವ ತಿಂಗಳಲ್ಲಿ ಭೇಟಿ ಮಾಡಬಹುದು ಎಂಬುದಕ್ಕೂ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮಗಳಿವೆ.

ಹೆಣ್ಣುಮಕ್ಕಳ ಮಟ್ಟಿಗೆ ಇದು ಹಳೆಯ ಪದ್ಧತಿಯೇನಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ ‘ಟೈಟಲ್ ನೈನ್’ ಕಾಯಿದೆ ಬಂದದ್ದು 1972ರಲ್ಲಿ. ಅದೇ ವರ್ಷ ಮಹಿಳೆಯರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಗೆದ್ದದ್ದು ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕ್ಯಾಥೊಲಿಕ್ ಕಾಲೇಜು. ಅಲ್ಲಿ ಕೋಚ್ ಕ್ಯಾಥಿ ರಶ್ ಅವರ ಕೈಯಲ್ಲಿ ಕೊಡಲು ಸ್ಕಾಲರ್‌ಶಿಪ್ ಇರಲಿಲ್ಲ. ಆಗ ಮಹಿಳಾ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದ ಎಐಎಡಬ್ಲ್ಯು ಎಂಬ ಸಂಸ್ಥೆ, ಪುರುಷರ ಕ್ರೀಡೆಯಲ್ಲಿನ ವ್ಯಾಪಾರ ಇಲ್ಲಿಗೂ ಬರಬಾರದೆಂದು ಮೊದಮೊದಲು ಕ್ರೀಡಾ ಸ್ಕಾಲರ್‌ಶಿಪ್‌ಗಳನ್ನೇ ಬೇಡವೆಂದಿತ್ತು. ಇದನ್ನು ಆಟಗಾರ್ತಿಯರು ಮತ್ತು ಕೋಚ್‌ಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದ ಮೇಲೆ 1973ರಲ್ಲಿ ನಿಲುವು ಬದಲಾಯಿತು. 1982ರಲ್ಲಿ ಎನ್‌ಸಿಎಎ ತನ್ನದೇ ಮಹಿಳಾ ಟೂರ್ನಿ ಆರಂಭಿಸಿತು. ಹತ್ತೇ ವರ್ಷದಲ್ಲಿ, ಯಾರೂ ನೋಡದಿದ್ದ ಹುಡುಗಿಯರ ಮನೆ ಬಾಗಿಲಿಗೆ ಕೋಚ್‌ಗಳು ಬರತೊಡಗಿದ್ದರು.

ಇನ್ನೊಂದು ವಿವರ ಬಹಳ ಮುಖ್ಯ. ಎನ್‌ಸಿಎಎ ನಿಯಮದ ಪ್ರಕಾರ 2012ರವರೆಗೆ ಸ್ಕಾಲರ್‌ಶಿಪ್ ಇದ್ದದ್ದು ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ ನವೀಕರಿಸಬೇಕಿತ್ತು. ಹುಡುಗಿ ಬೇರೆ ಕಾಲೇಜಿಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಮಾತ್ರ ಒಳ್ಳೆಯ ಸಂಬಳ ಸಿಕ್ಕರೆ ಮರುದಿನವೇ ಬೇರೆ ಕಡೆ ಹೋಗಬಹುದಿತ್ತು. ನಡುಮನೆಯಲ್ಲಿ ಕೊಟ್ಟ ಮಾತು ನಾಲ್ಕು ವರ್ಷದ್ದು. ಸಹಿ ಹಾಕಿದ ಕಾಗದ ಒಂದು ವರ್ಷದ್ದು. ಎರಡರ ನಡುವಿನ ಈ ಅಂತರವನ್ನು ತುಂಬಲೆಂದೇ ‘ಮಗಳಂತೆ’ ಎಂಬ ಮಾತು ಬೇಕಾಗಿತ್ತು.

*

ಈ ಪ್ರಕಾರದ ದೊಡ್ಡ ಲೇಖಕಿ ಪ್ಯಾಟ್ ಸಮಿಟ್. ಟೆನೆಸ್ಸಿ ವಿಶ್ವವಿದ್ಯಾಲಯದ ತಂಡವನ್ನು 1974ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ವಹಿಸಿಕೊಂಡು 2012ರವರೆಗೆ ನಡೆಸಿದವರು. 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಆರಂಭದಲ್ಲಿ ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನ್ ಓಡಿಸುವುದೂ ಆಟಗಾರ್ತಿಯರ ಬಟ್ಟೆ ಒಗೆಯುವುದೂ ಅವರೇ. ಪತ್ರಕರ್ತೆ ಸ್ಯಾಲಿ ಜೆಂಕಿನ್ಸ್ ಜೊತೆ ಸೇರಿ ಅವರು ಮೂರು ಪುಸ್ತಕ ಬರೆದರು: 1998ರಲ್ಲಿ ‘ರೀಚ್ ಫಾರ್ ದ ಸಮಿಟ್’ ಮತ್ತು ‘ರೇಸ್ ದ ರೂಫ್’, 2013ರಲ್ಲಿ ‘ಸಮ್ ಇಟ್ ಅಪ್’.

ಸಮಿಟ್ ಹುಟ್ಟಿದ್ದು ಟೆನೆಸ್ಸಿಯ ಒಂದು ಬೇಸಾಯಗಾರ ಕುಟುಂಬದಲ್ಲಿ. ಅವರಿದ್ದ ಕಡೆಯ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿಲ್ಲವೆಂದು ತಂದೆ ಮನೆಯನ್ನೇ ಪಕ್ಕದ ಜಿಲ್ಲೆಗೆ ಬದಲಾಯಿಸಿದರು. ಕಾಲೇಜಿಗೆ ಹೋಗುವಾಗ ಅಣ್ಣಂದಿರಿಗೆ ಕ್ರೀಡಾ ಸ್ಕಾಲರ್‌ಶಿಪ್ ಸಿಕ್ಕಿತು. ಇವರಿಗೆ ಇರಲಿಲ್ಲ, ಅಪ್ಪ ಅಮ್ಮನೇ ಹಣ ಕಟ್ಟಿದರು. ತನಗಾಗಿ ಯಾರೂ ಬಾಗಿಲು ತಟ್ಟದಿದ್ದ ಹುಡುಗಿ ಮುಂದೆ ಸಾವಿರಾರು ಮೈಲಿ ತಿರುಗಿ ಬೇರೆ ಹುಡುಗಿಯರ ಬಾಗಿಲು ತಟ್ಟಿದರು. ಅವರ ಪುಸ್ತಕಗಳಿಗೆ ಕಸುವು ಬಂದಿರುವುದು ಇಲ್ಲಿಂದ.

ಅವರ ಬಗ್ಗೆ ಬಹಳ ಪ್ರಚಲಿತವಾದ ಕಥೆಯೂ ಇಂಥದೊಂದು ಭೇಟಿಯದೇ. 1990ರ ಸೆಪ್ಟೆಂಬರಿನಲ್ಲಿ, ತುಂಬು ಗರ್ಭಿಣಿಯಾಗಿ, ಅವರು ಮಿಶೆಲ್ ಮಾರ್ಸಿನಿಯಾಕ್ ಎಂಬ ಆಟಗಾರ್ತಿಯ ಮನೆಗೆ ಪೆನ್ಸಿಲ್ವೇನಿಯಾಕ್ಕೆ ವಿಮಾನದಲ್ಲಿ ಹೋದರು. ಅಲ್ಲಿದ್ದಾಗಲೇ ನೆತ್ತಿನೀರು ಒಡೆಯಿತು. ಹೇಗೋ ಭೇಟಿ ಮುಗಿಸಿ ಹೆರಿಗೆ ನೋವಿನಲ್ಲೇ ವಾಪಸ್ಸು ಹೊರಟರು. ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸೋಣವೆಂದು ಪೈಲಟ್‌ಗಳು ಹೇಳಿದರೆ ಒಪ್ಪಲಿಲ್ಲ. ಆ ವರ್ಷ ವರ್ಜೀನಿಯಾ ತಂಡ ಟೆನೆಸ್ಸಿಯನ್ನು ಸೋಲಿಸಿತ್ತು. ಮಗ ಟೈಲರ್ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲೇ ಹುಟ್ಟಿದ.

ಈ ಕಥೆಯನ್ನು ಜನ ನಗುತ್ತಾ, ಮೆಚ್ಚುತ್ತಾ ಹೇಳುತ್ತಾರೆ. ಮೆಚ್ಚಲು ಕಾರಣವಿದೆ: ಕೆಲಸ ಮತ್ತು ತಾಯ್ತನಗಳಲ್ಲಿ ಒಂದನ್ನು ಆರಿಸಿಕೋ ಎಂದು ಹೆಂಗಸರಿಗೆ ಹೇಳುತ್ತಿದ್ದ ಕಾಲದಲ್ಲಿ ಒಬ್ಬರು ಎರಡನ್ನೂ ಒಂದೇ ವಿಮಾನದಲ್ಲಿ ಹೊತ್ತು ತಂದರು. ಆದರೆ ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿ. ಕೋಚ್ ಇದ್ದಾರೆ, ಸಹಾಯಕ ಕೋಚ್ ಇದ್ದಾರೆ, ಪೈಲಟ್‌ಗಳಿದ್ದಾರೆ, ಹುಟ್ಟಲಿರುವ ಮಗನಿದ್ದಾನೆ. ಸೋಫಾದ ಮೇಲೆ ಕೂತಿದ್ದ ಹುಡುಗಿ ಇಲ್ಲ. ತನ್ನ ಉತ್ತರಕ್ಕಾಗಿ ಒಬ್ಬ ಹೆಂಗಸು ಇಷ್ಟು ನೋವು ತಡೆದುಕೊಂಡು ಕೂತಿರುವುದನ್ನು ನೋಡುವಾಗ ಅವಳ ಮೇಲೆ ಎಂಥ ಭಾರ ಬಿದ್ದಿರಬೇಕು? ಅವಳು ಮಾಡಿದ್ದು ಇನ್ನೂ ಸ್ವಾರಸ್ಯಕರ. ಮಾರ್ಸಿನಿಯಾಕ್ ಮೊದಲು ಟೆನೆಸ್ಸಿಗೆ ಹೋಗಲೇ ಇಲ್ಲ, ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. ಒಂದು ವರ್ಷದ ಮೇಲೆ ತಾವಾಗಿಯೇ ಟೆನೆಸ್ಸಿಗೆ ಬಂದರು. 1996ರಲ್ಲಿ ತಂಡ ಚಾಂಪಿಯನ್ ಆದಾಗ ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರ್ತಿಯೂ ಆದರು. ಅಂದರೆ ಆ ಪ್ರಸಿದ್ಧ ಭೇಟಿ ಸೋತ ಭೇಟಿ. ಹುಡುಗಿ ಬಂದದ್ದು ತನ್ನದೇ ಲೆಕ್ಕಾಚಾರದಿಂದ. ಸೋಲನ್ನು ವೀರಗಾಥೆ ಮಾಡುವ ಶಕ್ತಿ ಕೋಚ್ ಕಥನಕ್ಕಿದೆ. ಆಟಗಾರ್ತಿಯ ತೀರ್ಮಾನಗಳು ಅದರಲ್ಲಿ ತಡವಾಗಿ ಸಿಕ್ಕ ಗೆಲುವಾಗಿಯೋ ಆಕಸ್ಮಿಕವಾಗಿಯೋ ಕಾಣುತ್ತವೆ.

*

ಹಾಗೆಂದು ‘ಮಗಳಂತೆ’ ಎಂಬುದು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭದ ವಿಮರ್ಶೆಯಾಗುತ್ತದೆ. ಸಮಿಟ್ ಕೊಟ್ಟ ಮಾತಿನಲ್ಲಿ ಅಳೆಯಬಹುದಾದ ಒಂದು ಭಾಗವಿತ್ತು: ನಿಮ್ಮ ಮಗಳು ಪದವಿ ಪಡೆದೇ ಹೋಗುತ್ತಾಳೆ. ಟೆನೆಸ್ಸಿಯಲ್ಲಿ ಅವಧಿ ಪೂರ್ತಿ ಆಡಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದರು. ಕ್ಲಾಸು ತಪ್ಪಿಸುವಂತಿಲ್ಲ, ಮೊದಲ ಮೂರು ಸಾಲುಗಳಲ್ಲೇ ಕೂರಬೇಕು ಎಂಬುದು ಅಲ್ಲಿನ ನಿಯಮ. ಅಭ್ಯಾಸದಲ್ಲಿ ಗಂಡು ಹುಡುಗರನ್ನು ಎದುರಾಳಿಗಳಾಗಿ ನಿಲ್ಲಿಸುತ್ತಿದ್ದರು. ಹೆಣ್ಣುಮಕ್ಕಳೆಂದು ಮೃದುವಾಗಿ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ. ಅವರು ನೆಟ್ಟು ನೋಡುವ ನೋಟಕ್ಕೇ ಒಂದು ದಂತಕಥೆಯಿದೆ.

ಟಮಿಕಾ ಕ್ಯಾಚಿಂಗ್ಸ್ ಅವರ ಆತ್ಮಕಥೆ ‘ಕ್ಯಾಚ್ ಎ ಸ್ಟಾರ್’ (2016) ಈ ಬೆಳೆಸುವಿಕೆಗೆ ಒಳ್ಳೆಯ ಸಾಕ್ಷಿ. ಅವರಿಗೆ ಹುಟ್ಟಿನಿಂದಲೇ ಕಿವಿ ಮಂದ. ಶಾಲೆಯಲ್ಲಿ ಮಕ್ಕಳು ಗೇಲಿ ಮಾಡಿದ್ದಕ್ಕೆ ಬೇಸತ್ತು ಶ್ರವಣಯಂತ್ರವನ್ನು ಎಸೆದುಬಿಟ್ಟಿದ್ದರು. ಮುಂದೆ ವರ್ಷಗಟ್ಟಲೆ ತುಟಿಗಳ ಚಲನೆ ನೋಡಿ, ಊಹಿಸಿ, ಸುಮ್ಮನಿದ್ದು ಬದುಕಿದರು. ಆಟದಲ್ಲಿ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಟೆನೆಸ್ಸಿಗೆ ಬಂದ ಮೇಲೆ ಸಮಿಟ್ ಮತ್ತು ತಂಡದವರು ಅವರನ್ನು ಒಪ್ಪಿಸಿ ಮತ್ತೆ ಯಂತ್ರ ಹಾಕಿಸಿದರು, ಮಾತಿನ ಚಿಕಿತ್ಸೆಗೆ ಕಳಿಸಿದರು. ಆಟಕ್ಕೆ ಬೇಕಾದದ್ದಷ್ಟನ್ನೇ ನೋಡುವ ಕೋಚ್ ಇದನ್ನು ಮಾಡಬೇಕಿರಲಿಲ್ಲ. ಕಿವಿ ಕೇಳದಿದ್ದರೂ ಕ್ಯಾಚಿಂಗ್ಸ್ ಗೆಲ್ಲಿಸುತ್ತಿದ್ದರು. ಇಲ್ಲಿ ‘ಮಗಳಂತೆ’ ಎಂಬ ಮಾತು ಪೂರ್ತಿ ಅರ್ಥದಲ್ಲಿ ನಡೆದಿದೆ, ಅದನ್ನು ಹೇಳುತ್ತಿರುವವರು ಮಗಳ ಜಾಗದಲ್ಲಿ ಇದ್ದವರೇ.

ಅದೇ ತಂಡದ ಇನ್ನೊಬ್ಬರ ಪುಸ್ತಕ ಬೇರೆ ಸ್ವರದ್ದು. ಶಮೀಕ್ ಹೋಲ್ಡ್‌ಸ್ಕ್ಲಾ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಜ್ಜಿ ಜೂನ್ ಅವರ ಆಸರೆಯಲ್ಲಿ ಬೆಳೆದವರು. ಕಾಲೇಜಿನ ಆಯ್ಕೆಯಲ್ಲಿ ಅಜ್ಜಿಯ ಮಾತಿಗೆ ತೂಕವಿತ್ತು. ಟೆನೆಸ್ಸಿಗೆ ಬಂದು 1996, 1997, 1998ರಲ್ಲಿ ಸತತ ಮೂರು ಪ್ರಶಸ್ತಿ ಗೆದ್ದರು. 39 ಪಂದ್ಯಗಳಲ್ಲಿ ಒಂದನ್ನೂ ಸೋಲದ 1997–98ರ ಋತುವಿನ ಕಥೆಯೇ ‘ರೇಸ್ ದ ರೂಫ್’. ಆ ಪುಸ್ತಕದ ಹೋಲ್ಡ್‌ಸ್ಕ್ಲಾ ಹೊಳೆಯುವ ನಾಯಕಿ. ಅವರೇ 2012ರಲ್ಲಿ ಬರೆದ ‘ಬ್ರೇಕಿಂಗ್ ಥ್ರೂ’ ಓದಿದರೆ, ಬಾಲ್ಯದ ಮನೆಯ ನೋವನ್ನೂ ಖಿನ್ನತೆಯನ್ನೂ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ಬದುಕಿದ ಹೆಣ್ಣು ಕಾಣುತ್ತಾರೆ. 2015ರ ‘ಮೈಂಡ್/ಗೇಮ್’ ಸಾಕ್ಷ್ಯಚಿತ್ರವೂ ಅದನ್ನೇ ಹಿಂಬಾಲಿಸುತ್ತದೆ. ಹೋಲ್ಡ್‌ಸ್ಕ್ಲಾ ತಮ್ಮ ಕೋಚನ್ನು ದೂರುತ್ತಿಲ್ಲ. ದೂರಿದ್ದರೆ ನಮ್ಮ ಓದು ಸುಲಭವಾಗುತ್ತಿತ್ತು. ಅವರ ಪುಸ್ತಕ ತೋರಿಸುವುದು ಇನ್ನೂ ಸೂಕ್ಷ್ಮವಾದದ್ದನ್ನು. ಗಟ್ಟಿತನವನ್ನೇ ಕಲಿಸುವ ಮನೆಯಲ್ಲಿ ಕುಸಿತಕ್ಕೆ ಭಾಷೆ ಸಿಗುವುದು ಕಷ್ಟ. ಒಬ್ಬಳ ಕಿವಿಯ ತೊಂದರೆ ಕೋಚ್‌ನ ಕಣ್ಣಿಗೆ ಬಿತ್ತು, ಏಕೆಂದರೆ ಅದಕ್ಕೆ ಪರಿಹಾರವಿತ್ತು. ಇನ್ನೊಬ್ಬಳ ಮನಸ್ಸಿನ ತೊಂದರೆ ಸತತ ಮೂರು ಪ್ರಶಸ್ತಿಗಳ ಹಿಂದೆ ಅಡಗಿ ಕೂತಿತು. ಎರಡೂ ಒಂದೇ ಮನೆಯಲ್ಲಿ ನಡೆದವು.

*

ಮಗಳೆಂದ ಮೇಲೆ ಮನೆ ಮರ್ಯಾದೆಯೂ ಅವಳ ಹೆಗಲಿಗೆ ಬೀಳುತ್ತದೆ. ಈ ಆತ್ಮಕಥೆಗಳ ಕತ್ತಲೆಯ ಭಾಗ ಇದು.

ಬ್ರಿಟ್ನಿ ಗ್ರೈನರ್ 2009ರಿಂದ 2013ರವರೆಗೆ ಬೇಲರ್ ವಿಶ್ವವಿದ್ಯಾಲಯಕ್ಕೆ ಆಡಿದರು. 2011–12ರಲ್ಲಿ ಆ ತಂಡ ಆಡಿದ 40 ಪಂದ್ಯಗಳನ್ನೂ ಗೆದ್ದಿತು. 2014ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು ‘ಇನ್ ಮೈ ಸ್ಕಿನ್’. ಗ್ರೈನರ್ ಹೇಳುವಂತೆ, ತಾವು ಸಲಿಂಗಿ ಎಂಬುದನ್ನು ಬಹಿರಂಗವಾಗಿ ಮಾತಾಡಬಾರದೆಂಬ ಒತ್ತಡ ಆ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರ ಮೇಲಿತ್ತು. ಗೊತ್ತಾದರೆ ಮುಂದೆ ಹುಡುಗಿಯರನ್ನು ಕರೆತರುವುದು ಕಷ್ಟವಾಗಬಹುದು ಎಂಬ ಚಿಂತೆ ಅದರ ಹಿಂದಿತ್ತು. ಇದನ್ನು ನಿಧಾನವಾಗಿ ಓದಬೇಕು. ಇನ್ಯಾವುದೋ ಊರಿನ ಒಂದು ನಡುಮನೆಯಲ್ಲಿ ಮುಂದೆಂದೋ ಕೊಡಬೇಕಾದ ಮಾತಿಗಾಗಿ ಈಗ ಇರುವ ಆಟಗಾರ್ತಿ ಸುಮ್ಮನಿರಬೇಕು. ಕರೆತರುವುದು, ಬೆಳೆಸುವುದು ಎರಡು ಬೇರೆ ಕೆಲಸಗಳೆಂದು ಕೋಚ್ ಪುಸ್ತಕಗಳು ಅಧ್ಯಾಯ ವಿಂಗಡಿಸುತ್ತವೆ. ಗ್ರೈನರ್ ಪುಸ್ತಕದಲ್ಲಿ ಮೊದಲನೆಯದು ಎರಡನೆಯದನ್ನು ಆಳುತ್ತದೆ.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರೆನೆ ಪೋರ್ಟ್‌ಲೆಂಡ್ ಇದನ್ನು ಮುಚ್ಚಿಡಲೂ ಇಲ್ಲ. ತಮ್ಮ ತಂಡದಲ್ಲಿ ಸಲಿಂಗಿಗಳಿಗೆ ಜಾಗವಿಲ್ಲವೆಂದು 1986ರಲ್ಲೇ ಪತ್ರಿಕೆಗೆ ಹೇಳಿದ್ದರು. ತಂದೆ ತಾಯಿಯರಿಗೆ ಅದೊಂದು ಭರವಸೆಯಂತೆ ಕೇಳುತ್ತಿತ್ತು. 2005ರಲ್ಲಿ ಜೆನಿಫರ್ ಹ್ಯಾರಿಸ್ ಎಂಬ ಆಟಗಾರ್ತಿ ಮೊಕದ್ದಮೆ ಹೂಡಿದರು. 2007ರಲ್ಲಿ ಅದು ರಾಜಿಯಲ್ಲಿ ಮುಗಿಯಿತು, ಪೋರ್ಟ್‌ಲೆಂಡ್ ರಾಜೀನಾಮೆ ಕೊಟ್ಟರು. 2009ರ ‘ಟ್ರೇನಿಂಗ್ ರೂಲ್ಸ್’ ಸಾಕ್ಷ್ಯಚಿತ್ರದಲ್ಲಿ ಅವರ ಹಳೆಯ ಆಟಗಾರ್ತಿಯರು ಮಾತಾಡಿದ್ದಾರೆ. ಇದೇ ಪೋರ್ಟ್‌ಲೆಂಡ್, ಸ್ಕಾಲರ್‌ಶಿಪ್ ಇಲ್ಲದೆ ಆಡಿ ಗೆದ್ದ ಇಮ್ಯಾಕ್ಯುಲೇಟಾ ತಂಡದ ಆಟಗಾರ್ತಿಯಾಗಿದ್ದವರು. ಬಾಗಿಲು ತೆರೆದ ಪೀಳಿಗೆಯ ಒಬ್ಬರು ಅದೇ ಬಾಗಿಲಲ್ಲಿ ಕಾವಲಿಗೆ ನಿಂತರು. ಕೋಚ್ ಹೆಂಗಸಾದರೆ ಸಾಕು, ಹುಡುಗಿಯರಿಗೆ ನ್ಯಾಯ ಸಿಗುತ್ತದೆ ಎಂಬ ನಂಬಿಕೆಯನ್ನು ಈ ಪ್ರಕರಣ ಅಲುಗಾಡಿಸುತ್ತದೆ.

*

‘ಮಗಳಂತೆ’ ಎಂಬ ಮಾತನ್ನು ಆಡುವವರ ಸ್ವಂತ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಎದುರಿಸುವ ಪುಸ್ತಕ ವಿವಿಯನ್ ಸ್ಟ್ರಿಂಗರ್ ಅವರ ‘ಸ್ಟ್ಯಾಂಡಿಂಗ್ ಟಾಲ್’ (2008). ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಕೆಲಸಗಾರನ ಮಗಳಾದ ಸ್ಟ್ರಿಂಗರ್, ಚೇನಿ ಸ್ಟೇಟ್ ಎಂಬ ಕರಿಯರ ಪುಟ್ಟ ಕಾಲೇಜಿನ ತಂಡವನ್ನು 1982ರ ಮೊದಲ ಎನ್‌ಸಿಎಎ ಫೈನಲ್‌ಗೆ ಒಯ್ದರು. ದೊಡ್ಡ ವಿಶ್ವವಿದ್ಯಾಲಯಗಳ ಹಣ ಅವರಲ್ಲಿರಲಿಲ್ಲ. ಆ ಹೊತ್ತಿಗೆ ಅವರ ಕೈಗೂಸು ನೀನಾ ಮೆದುಳಿನ ಪೊರೆಯ ಉರಿಯೂತಕ್ಕೆ ತುತ್ತಾಗಿ ಆಸ್ಪತ್ರೆಯಲ್ಲಿದ್ದಳು. ಆ ಕಾಯಿಲೆ ಅವಳ ಬದುಕನ್ನು ಶಾಶ್ವತವಾಗಿ ಬದಲಿಸಿತು. ಒಂದು ಕಡೆ ಸ್ವಂತ ಮಗಳು, ಇನ್ನೊಂದು ಕಡೆ ಮಗಳಂತೆ ನೋಡಿಕೊಳ್ಳುತ್ತೇನೆಂದು ಕರೆತಂದ ಬೇರೆಯವರ ಮಕ್ಕಳು. ಸ್ಟ್ರಿಂಗರ್ ಈ ಇಕ್ಕಟ್ಟನ್ನು ತ್ಯಾಗದ ಕಥೆಯಾಗಿ ಹೊಳಪು ಕೊಟ್ಟು ಮುಗಿಸಿಬಿಡುವುದಿಲ್ಲ. ಕೋಚ್ ಕಥನಗಳಲ್ಲಿ ಅಪರೂಪವಾದ ತಪ್ಪಿತಸ್ಥ ಭಾವದ ಭಾರ ಆ ಪುಟಗಳಲ್ಲಿದೆ.

ಇನ್ನೊಂದು ಪುಸ್ತಕದಲ್ಲಿ ನಿಜವಾದ ತಾಯಿಯೇ ಮಾತಾಡುತ್ತಾಳೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಜೀನೋ ಒರಿಯೆಮಾ ಕಟ್ಟಿದ ತಂಡ 1995ರಲ್ಲಿ 35 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೊದಲ ಪ್ರಶಸ್ತಿ ಗೆದ್ದಿತು. ಅದರ ತಾರೆ ರೆಬೆಕಾ ಲೋಬೋ. ಅವರೂ ಅವರ ತಾಯಿ ರೂತ್‌ಆನ್ ಲೋಬೋ ಅವರೂ ಸೇರಿ 1996ರಲ್ಲಿ ‘ದ ಹೋಮ್ ಟೀಮ್’ ಬರೆದರು. ಮಗಳು ಕಾಲೇಜಿನಲ್ಲಿ ಆಡುತ್ತಿದ್ದಾಗಲೇ ತಾಯಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಈ ಪುಸ್ತಕದ ಬೆಲೆ ಇರುವುದು ಅದು ಜಾಗಗಳನ್ನು ಸರಿಯಾಗಿ ಜೋಡಿಸುವುದರಲ್ಲಿ. ತಾಯಿ ತಾಯಿಯ ಜಾಗದಲ್ಲಿದ್ದಾಳೆ, ಕೋಚ್ ಕೋಚ್‌ನ ಜಾಗದಲ್ಲಿದ್ದಾರೆ. ಒಳ್ಳೆಯ ಕೋಚ್ ಆಗಲು ತಂದೆ ತಾಯಿಯ ಹೆಸರನ್ನು ಎರವಲು ಪಡೆಯಬೇಕಾಗಿಲ್ಲ ಎಂದು ಇದನ್ನು ಓದಿದಾಗ ಅನ್ನಿಸುತ್ತದೆ.

*

ಈಗ ನಡುಮನೆಯ ಮಾತುಕತೆಗೆ ದುಡ್ಡು ಬಂದು ಕೂತಿದೆ. ಅದು ಹೊಸದಾಗಿ ಬಂದದ್ದಲ್ಲ, ಮುಂಚೆ ಒಂದೇ ಕಡೆಗೆ ಹರಿಯುತ್ತಿತ್ತು. ತಿಂಗಳಿಗೆ 250 ಡಾಲರಿಂದ ಆರಂಭಿಸಿದ ಸಮಿಟ್ 2006ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. ಅದು ಅವರ ದುಡಿಮೆಗೆ ಸಲ್ಲಬೇಕಾದದ್ದೇ. ಆದರೆ ಆಟಗಾರ್ತಿ ತನ್ನ ಹೆಸರಿನ ಟೀ ಶರ್ಟ್ ಮಾರಿ ಒಂದು ಡಾಲರ್ ಗಳಿಸಿದರೂ 2021ರವರೆಗೆ ಅದು ನಿಯಮಭಂಗ. ಆ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು ಎಂದಾಯಿತು. ಒಂದು ವರ್ಷ ಕೂರದೆ ಕಾಲೇಜು ಬದಲಿಸುವ ಅವಕಾಶವೂ ಅದೇ ವರ್ಷ ಬಂತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ಮೇಲೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಅದರಲ್ಲಿ ಬಹುಪಾಲು ಪುರುಷರ ಫುಟ್‌ಬಾಲಿಗೆ ಹೋಗುತ್ತಿದೆ ಎಂಬುದು ಬೇರೆ ಮಾತು.

ಇದರಿಂದ ನಿಷ್ಠೆ ಹೋಯಿತು, ಹುಡುಗಿಯರು ವ್ಯಾಪಾರಿಗಳಾದರು ಎಂಬ ಕೊರಗು ಹಳೆಯ ಕೋಚ್‌ಗಳಿಂದ ಕೇಳಿಬರುತ್ತದೆ. ಈ ಕೊರಗನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಮನೆಗೆಲಸಕ್ಕೆ ಕೂಲಿ ಕೇಳುವ ಮಗಳ ಬಗ್ಗೆ ನಮ್ಮಲ್ಲಿ ಏನು ಹೇಳುತ್ತಾರೋ ಅದೇ ಧಾಟಿ ಅದರಲ್ಲಿದೆ. ದುಡ್ಡಿನ ಮಾತೆತ್ತಿದ ಕೂಡಲೇ ಮುರಿದುಹೋಗುವ ಪ್ರೀತಿ ಮೊದಲೇ ಎಷ್ಟು ಗಟ್ಟಿಯಿತ್ತು? ಜೊತೆಗೆ ಒಂದು ನಷ್ಟವೂ ಇದೆ ಎಂದು ಒಪ್ಪಬೇಕು. ಕ್ಯಾಚಿಂಗ್ಸ್‌ಗೆ ಮತ್ತೆ ಯಂತ್ರ ಹಾಕಿಸಿದ್ದು ನಾಲ್ಕು ವರ್ಷ ಒಂದೇ ಕಡೆ ಇರುವರೆಂಬ ನಂಬಿಕೆಯ ಮೇಲೆ ನಡೆದ ಕೆಲಸ. ಪ್ರತಿ ವರ್ಷ ತಂಡ ಬದಲಾಗುವ ಕಡೆ ಯಾವ ಕೋಚ್ ಅಷ್ಟು ತಾಳ್ಮೆಯಿಂದ ಒಬ್ಬಳನ್ನು ಗಮನಿಸಿಯಾರು? ಇದಕ್ಕೆ ಉತ್ತರ ಹುಡುಗಿಯ ಕೈ ಕಟ್ಟುವುದಲ್ಲ. ಅವಳು ಉಳಿಯಲು ಕಾರಣ ಕೊಡುವುದು.

ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಡಾನ್ ಸ್ಟೇಲಿ ಆ ಕಾರಣ ಕೊಟ್ಟವರಂತೆ ಕಾಣುತ್ತಾರೆ. ಉತ್ತರ ಫಿಲಡೆಲ್ಫಿಯಾದ ಬಡವರ ವಸತಿಯಲ್ಲಿ ಬೆಳೆದ ಅವರು 2008ರಲ್ಲಿ ಈ ವಿಶ್ವವಿದ್ಯಾಲಯಕ್ಕೆ ಬಂದು 2017, 2022, 2024ರಲ್ಲಿ ಪ್ರಶಸ್ತಿ ಗೆದ್ದರು. ಅವರ 2025ರ ಆತ್ಮಕಥೆ ‘ಅನ್‌ಕಾಮನ್ ಫೇವರ್’ನ ಉಪಶೀರ್ಷಿಕೆಯಲ್ಲೇ ಅವರ ತಾಯಿ ಇದ್ದಾರೆ, ಆ ತಾಯಿ ಹುಡುಗಿಯಾಗಿದ್ದಾಗ ದಕ್ಷಿಣ ಕೆರೊಲಿನಾದಿಂದಲೇ ಉತ್ತರಕ್ಕೆ ಹೋದವರು. ಇತರರ ತಾಯಂದಿರಿಗೆ ಮಾತು ಕೊಡುವ ಮುಂಚೆ ಸ್ಟೇಲಿ ತಮ್ಮ ತಾಯಿಯ ಋಣವನ್ನು ಎಣಿಸುತ್ತಾರೆ. ಈ ಪ್ರಕಾರದ ಪುಸ್ತಕಗಳಲ್ಲಿ ಇದೊಂದು ಹೊಸ ದಿಕ್ಕು. ಅವರು ಕರೆತಂದ ಮುಖ್ಯ ಆಟಗಾರ್ತಿ ಏಜಾ ವಿಲ್ಸನ್ ಅಲ್ಲೇ ಹತ್ತಿರದ ಹಾಪ್ಕಿನ್ಸ್ ಊರಿನವರು. 2014ರಲ್ಲಿ ಕನೆಕ್ಟಿಕಟ್, ಟೆನೆಸ್ಸಿಯಂಥ ದೊಡ್ಡ ಹೆಸರುಗಳನ್ನು ಬಿಟ್ಟು ಮನೆಯ ಪಕ್ಕದ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. 2021ರಲ್ಲಿ ಅಲ್ಲಿ ಅವರ ಪ್ರತಿಮೆ ನಿಂತಿತು. ಜನಾಂಗ ಭೇದದ ದಿನಗಳಲ್ಲಿ ಅವರ ಅಜ್ಜಿ ಹ್ಯಾಟಿ ರೇಕ್ಸ್ ಅದೇ ವಿಶ್ವವಿದ್ಯಾಲಯದ ಆವರಣವನ್ನು ದಾಟಲಾಗದೆ ಸುತ್ತು ಹಾಕಿಕೊಂಡು ಹೋಗಬೇಕಿತ್ತು ಎಂದು ವಿಲ್ಸನ್ ಆಗ ನೆನಪಿಸಿಕೊಂಡರು. ಅವರ ಪುಸ್ತಕ ‘ಡಿಯರ್ ಬ್ಲ್ಯಾಕ್ ಗರ್ಲ್ಸ್’ (2024) ಯಾರೊಡನೆ ಮಾತಾಡುತ್ತಿದೆ ಎಂಬುದು ಹೆಸರಿನಲ್ಲೇ ಇದೆ. ಅಲ್ಲಿ ಹುಡುಗಿ ಕೋಚ್‌ನ ಕಥೆಯ ಪಾತ್ರವಲ್ಲ; ತನ್ನ ಅಜ್ಜಿಯಿಂದ ಆರಂಭವಾದ, ಮುಂದೆ ಬರುವ ಹುಡುಗಿಯರಿಗೆ ಮುಟ್ಟಬೇಕಾದ ಕಥೆಯ ನಿರೂಪಕಿ.

*

ನನ್ನ ಓದಿನಲ್ಲಿ ಇಡೀ ಪ್ರಕಾರದ ದೊಡ್ಡ ಪುಸ್ತಕ ಸಮಿಟ್ ಅವರ ಕೊನೆಯ ‘ಸಮ್ ಇಟ್ ಅಪ್’. ಅದಕ್ಕೆ ಕಾರಣ ಗೆಲುವಲ್ಲ. 2011ರಲ್ಲಿ, 59ನೇ ವಯಸ್ಸಿನಲ್ಲಿ, ಅವರಿಗೆ ಅಲ್ಝೈಮರ್ ಕಾಯಿಲೆ ಇದೆ ಎಂದು ಗೊತ್ತಾಯಿತು. ಎಲ್ಲವನ್ನೂ ನೋಡಿದ್ದೇನೆ, ಎಲ್ಲವೂ ಗೊತ್ತು ಎಂಬ ಧೈರ್ಯದಲ್ಲಿ ‘ರೀಚ್ ಫಾರ್ ದ ಸಮಿಟ್’ನಲ್ಲಿ ಯಶಸ್ಸಿನ 12 ಸೂತ್ರಗಳನ್ನು ಪಟ್ಟಿ ಮಾಡಿದ್ದ ನಿರೂಪಕಿ ಈಗ ನೆನಪಿಗಾಗಿ ಬೇರೆಯವರನ್ನು ಆಶ್ರಯಿಸಬೇಕಾಯಿತು. ಹಾಗಾಗಿ ಪುಸ್ತಕದೊಳಗೆ ಹಳೆಯ ಆಟಗಾರ್ತಿಯರು, ಗೆಳೆಯರು, ಮನೆಯವರು ತಮ್ಮ ತಮ್ಮ ದನಿಯಲ್ಲಿ ಬರುತ್ತಾರೆ. ಒಬ್ಬರ ಕಣ್ಣಿನಿಂದ ಕಂಡಿದ್ದ ಅಂಗಳ ಹಲವರ ಕಣ್ಣಿನಿಂದ ಕಾಣುತ್ತದೆ. ಕೋಚ್ ಕಥನ ತಾನಾಗಿ ಮಾಡದಿದ್ದ ಕೆಲಸವನ್ನು ಕಾಯಿಲೆ ಮಾಡಿಸಿತು ಎಂಬುದು ಕ್ರೂರವಾದ ಮಾತು, ಆದರೆ ಪುಸ್ತಕ ಬೆಳೆದದ್ದು ಅಲ್ಲಿಯೇ. ಸಮಿಟ್ 2016ರಲ್ಲಿ ತೀರಿಕೊಂಡರು.

ಈ ಲೋಕ ನಮಗೆ ಪೂರ್ತಿ ಹೊರಗಿನದಲ್ಲ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಆರಿಝೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದಾರೆ. ಇನ್ನು ಮುಂದೆ ಇಲ್ಲಿನ ಇನ್ನಷ್ಟು ಮನೆಗಳಿಗೆ ಆ ಮಾತು ಬರಬಹುದು, ಫೋನಿನಲ್ಲಿ, ಪರದೆಯ ಮೇಲೆ. ಅಮೆರಿಕದ ಮಾತೇಕೆ, ನಮ್ಮ ಕ್ರೀಡಾ ಹಾಸ್ಟೆಲುಗಳಲ್ಲೂ ಕಾಲೇಜು ತಂಡಗಳಲ್ಲೂ ಹುಡುಗಿಯರನ್ನು ಕಳಿಸುವ ತಂದೆ ತಾಯಿಯರಿಗೆ ಸಿಗುವ ಭರವಸೆ ಬಹುತೇಕ ಇದೇ.

ಕನ್ನಡದ ‘ಅಂತೆ’ಗೆ ಎರಡು ಅರ್ಥ. ಮಗಳಂತೆ ಎಂದರೆ ಮಗಳ ಹಾಗೆ. ಮಗಳಂತೆ ಎಂದರೆ, ಮಗಳು ಎಂದು ಯಾರೋ ಹೇಳುತ್ತಿದ್ದಾರೆ ಎಂದೂ ಹೌದು. ಕೋಚ್‌ಗಳ ಆತ್ಮಕಥೆ ಮೊದಲನೆಯ ಅರ್ಥದಲ್ಲಿ ಬರೆದುಕೊಂಡಿರುತ್ತದೆ. ನಾವು ಅದನ್ನು ಎರಡನೆಯ ಅರ್ಥದಲ್ಲೂ ಓದಬೇಕು: ಹೇಳಿದವರು ಯಾರು, ಎಷ್ಟು ವರ್ಷಕ್ಕೆ, ಕಾಗದದಲ್ಲಿ ಏನಿತ್ತು ಎಂದು ಕೇಳುತ್ತಾ, ಆ ಹುಡುಗಿ ಮುಂದೊಂದು ದಿನ ಬರೆದದ್ದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು.